ಗವರ್ನರ್ ಎಂದರೆ ರಾಜ್ಯಪಾಲರಲ್ಲ: ನಾರ್ತ್ ಕ್ಯಾರೊಲಿನಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ರಾಲಿ, ಕ್ಯಾರಿ, ಮಾರಿಸ್‌ವಿಲ್ ಕಡೆ ಮನೆ ಮಾಡಿದ ಹೊಸತರಲ್ಲಿ ಸುದ್ದಿಯಲ್ಲಿ ‘ಗವರ್ನರ್’ ಎಂದು ಕೇಳಿದರೆ ನಮ್ಮ ತಲೆಗೆ ಬರುವುದು ರಾಜಭವನ. ಆ ಚಿತ್ರವನ್ನು ಮೊದಲು ಬದಿಗಿಡಿ. ಇಲ್ಲಿನ ಗವರ್ನರನ್ನು ಜನರೇ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಹಾಗೆಂದು ನಮ್ಮ ಮುಖ್ಯಮಂತ್ರಿಗೂ ಹೋಲಿಸಬೇಡಿ. ವಿಶ್ವಾಸಮತ ಎಂಬುದು ಇಲ್ಲಿಲ್ಲ. ಎರಡೂ ಸದನ ಎದುರು ಪಕ್ಷದ ಕೈಗೆ ಹೋದರೂ ಗವರ್ನರ್ ಕುರ್ಚಿ ಅಲ್ಲಾಡುವುದಿಲ್ಲ. ಕುರ್ಚಿ ಗಟ್ಟಿ, ಆದರೆ ಅಧಿಕಾರ ಎಷ್ಟೋ ಸಲ ತೆಳು. ಯಾವ ಕಾನೂನು ಉಳಿಯುತ್ತದೆ, ಯಾವುದು ಬೀಳುತ್ತದೆ ಎಂದು ತಿಳಿಯಬೇಕಿದ್ದರೆ ಎರಡು ಲೆಕ್ಕ ಇಟ್ಟುಕೊಳ್ಳಿ: ಸದನದಲ್ಲಿ ಯಾರ ಕಡೆ ಎಷ್ಟು ತಲೆ, ಮತ್ತು ಯಾರ ಅವಧಿ ಎಷ್ಟು ಉಳಿದಿದೆ.

ತಲೆಲೆಕ್ಕ ಹೀಗೆ. ಕೆಳಮನೆಯಾದ ಹೌಸ್‌ನಲ್ಲಿ 120 ಮಂದಿ, ಮೇಲ್ಮನೆಯಾದ ಸೆನೆಟ್‌ನಲ್ಲಿ 50. ಎಲ್ಲರಿಗೂ ಎರಡೇ ವರ್ಷದ ಅವಧಿ. ಎರಡೂ ಕಡೆ ಪಾಸಾದ ಮಸೂದೆ ಗವರ್ನರ್ ಮೇಜಿಗೆ ಬಂದರೆ, ಅಧಿವೇಶನ ನಡೆಯುತ್ತಿರುವಾಗ ಅವರಿಗೆ 10 ದಿನ ಸಮಯ. ಸಹಿ ಹಾಕಬಹುದು, ವೀಟೊ ಮಾಡಿ ವಾಪಸ್ ಕಳಿಸಬಹುದು. ಸುಮ್ಮನೆ ಇಟ್ಟುಕೊಂಡರೆ ಸಹಿಯಿಲ್ಲದೆಯೇ ಕಾನೂನಾಗುತ್ತದೆ. ವೀಟೊ ಮುರಿಯಲು ಪ್ರತಿ ಸದನದಲ್ಲೂ ಐದರಲ್ಲಿ ಮೂರು ಪಾಲು ಮತ ಬೇಕು. ಎಲ್ಲರೂ ಬಂದಿದ್ದರೆ ಹೌಸ್‌ನಲ್ಲಿ 72, ಸೆನೆಟ್‌ನಲ್ಲಿ 30.

ಆ 72 ಎಂಬ ಸಂಖ್ಯೆಯನ್ನು ಇಲ್ಲಿನವರು ಯಾಕೆ ಬಾಯಿಪಾಠ ಮಾಡಿಕೊಂಡಿದ್ದಾರೆ ಎಂದರೆ, 2023ರ ಏಪ್ರಿಲ್‌ನಲ್ಲಿ ಟ್ರಿಶಾ ಕಾಥಮ್ ಎಂಬ ಡೆಮಾಕ್ರಟ್ ಸದಸ್ಯೆ ರಿಪಬ್ಲಿಕನ್ ಪಕ್ಷಕ್ಕೆ ಹೋದರು. 71 ಇದ್ದದ್ದು 72 ಆಯಿತು. ಮರುತಿಂಗಳೇ, ಗರ್ಭಪಾತವನ್ನು 12 ವಾರಕ್ಕೆ ಮಿತಿಗೊಳಿಸುವ ಮಸೂದೆಗೆ ಡೆಮಾಕ್ರಟ್ ಗವರ್ನರ್ ರಾಯ್ ಕೂಪರ್ ಹಾಕಿದ್ದ ವೀಟೊ ಬಿತ್ತು. ನಮ್ಮಲ್ಲಿ ಪಕ್ಷಾಂತರವೆಂದರೆ ರೆಸಾರ್ಟು, ರಾಜೀನಾಮೆ, ಸ್ಪೀಕರ್ ಮುಂದೆ ಅನರ್ಹತೆಯ ಅರ್ಜಿ, ಕೊನೆಗೆ ಸರ್ಕಾರದ ಪತನ. ಇಲ್ಲಿ ಪಕ್ಷಾಂತರ ನಿಷೇಧ ಕಾಯ್ದೆಯೇ ಇಲ್ಲ. ಪಕ್ಷ ಬಿಟ್ಟವರ ಸೀಟು ಉಳಿಯಿತು, ಗವರ್ನರೂ ಉಳಿದರು. ಅವರ ವೀಟೊಗೆ ಮಾತ್ರ ಬಲ ಉಳಿಯಲಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಹೊಸಬರು ಗಮನಿಸುವುದಿಲ್ಲ. ಆ ಐದರಲ್ಲಿ ಮೂರು ಪಾಲನ್ನು ಲೆಕ್ಕ ಹಾಕುವುದು ಅಂದು ಹಾಜರಿದ್ದು ಮತ ಹಾಕಿದವರ ಮೇಲೆ. 2019ರ ಸೆಪ್ಟೆಂಬರ್ 11ರ ಬೆಳಿಗ್ಗೆ ಡೆಮಾಕ್ರಟರಲ್ಲಿ ಹೆಚ್ಚಿನವರು ಸದನದಲ್ಲಿ ಇಲ್ಲದಿದ್ದಾಗ ಬಜೆಟ್ ವೀಟೊವನ್ನು ಮತಕ್ಕೆ ಹಾಕಲಾಯಿತು. ಹೌಸ್‌ನಲ್ಲಿ 55–9ರಲ್ಲಿ ವೀಟೊ ಬಿತ್ತು! ಸೆನೆಟ್ ಅದನ್ನು ಮತಕ್ಕೆ ಹಾಕಲೇ ಇಲ್ಲವಾದ್ದರಿಂದ ಕೊನೆಗೆ ವೀಟೊ ಉಳಿಯಿತು. ನಿಮ್ಮ ಪ್ರತಿನಿಧಿ ಯಾವ ಪಕ್ಷ ಎಂಬುದರಷ್ಟೇ, ಸದನಕ್ಕೆ ಹೋಗುತ್ತಾರೋ ಇಲ್ಲವೋ ಎಂಬುದೂ ಮುಖ್ಯ.

ಗವರ್ನರ್ ಕೈಗೆ ಸಿಗದ ವಿಷಯಗಳೂ ಇವೆ. ಬಜೆಟ್ಟಿನ ಒಂದು ಸಾಲನ್ನಷ್ಟೇ ಹೊಡೆದುಹಾಕುವ ಹಾಗಿಲ್ಲ. ಇಡೀ ಬಜೆಟ್ ಒಪ್ಪಬೇಕು ಅಥವಾ ಇಡೀ ಬಜೆಟ್ ತಿರಸ್ಕರಿಸಬೇಕು. ಕ್ಷೇತ್ರಗಳ ಗಡಿ ಎಳೆಯುವ ಮಸೂದೆಗಂತೂ ವೀಟೊ ಅನ್ವಯಿಸುವುದೇ ಇಲ್ಲ. ಇಲ್ಲಿನ ಪಕ್ಷರಾಜಕಾರಣದ ಬೇರು ಇರುವುದೇ ಆ ನಕ್ಷೆಯಲ್ಲಿ ಎಂಬುದು ನಮ್ಮ ಅಭಿಪ್ರಾಯ. ವೀಟೊ ಅಧಿಕಾರ ಕೂಡ ಈ ರಾಜ್ಯದ ಗವರ್ನರಿಗೆ ಸಿಕ್ಕಿದ್ದು 1996ರ ಜನಮತದ ನಂತರವೇ. ಐವತ್ತು ರಾಜ್ಯಗಳಲ್ಲಿ ಇದೇ ಕೊನೆಯದು.

ಇನ್ನು ಅವಧಿ. ಇಲ್ಲಿ ಸತತವಾಗಿ ಎರಡು ಸಲ ಮಾತ್ರ ಗವರ್ನರ್ ಆಗಬಹುದು, ನಡುವೆ ಬಿಟ್ಟು ಮತ್ತೆ ನಿಲ್ಲಬಹುದು. ಜಿಮ್ ಹಂಟ್ 1977ರಿಂದ 85, ಮತ್ತೆ 1993ರಿಂದ 2001, ಹೀಗೆ ಹದಿನಾರು ವರ್ಷ ಆಳಿದರು. ಬೇರೆ ರಾಜ್ಯಕ್ಕೆ ಹೋದವರು ಅಲ್ಲಿನ ನಿಯಮ ಬೇರೆಯೇ ನೋಡಿಕೊಳ್ಳಬೇಕು. ವರ್ಜೀನಿಯಾದಲ್ಲಿ ಸತತ ಎರಡನೇ ಅವಧಿಗೆ ಅವಕಾಶವಿಲ್ಲ. ಕ್ಯಾಲಿಫೋರ್ನಿಯಾ, ಮಿಷಿಗನ್‌ಗಳಲ್ಲಿ ಜೀವಮಾನಕ್ಕೇ ಎರಡು ಅವಧಿ. ಟೆಕ್ಸಸ್‌ನಲ್ಲಿ ಮಿತಿಯೇ ಇಲ್ಲ. ರಿಕ್ ಪೆರಿ 14 ವರ್ಷ ಕೂತಿದ್ದರು. (ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಗೆ ಪ್ರಯತ್ನಿಸಿ, ಪಕ್ಷದೊಳಗಿನ ಪ್ರೈಮರಿ ಚುನಾವಣೆಯಲ್ಲೇ ಗ್ರೆಚನ್ ವಿಟ್ಮರ್ ಎದುರು ಸೋತರು.)

ಮಿತಿ ಗವರ್ನರಿಗೆ ಉಂಟು, ಇಲ್ಲಿನ ಶಾಸಕರಿಗೆ ಇಲ್ಲ. ಫಿಲ್ ಬರ್ಗರ್ 2011ರಲ್ಲಿ ಸೆನೆಟ್ ನಾಯಕರಾದರು. ಅವರ ಎದುರಿಗೇ ಪರ್ಡ್ಯೂ, ಮೆಕ್ರೋರಿ, ಕೂಪರ್ ಮೂವರು ಗವರ್ನರುಗಳೂ ಬಂದು ಹೋದರು. ಯಾರ ಮಾತು ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ವಿವರಣೆ ಬೇಡ.

ಅಪಾಯದ ಕಾಲ ನವೆಂಬರ್ ಚುನಾವಣೆಗೂ ಜನವರಿಗೂ ನಡುವಿನದು. 2024ರಲ್ಲಿ ರಿಪಬ್ಲಿಕನ್ನರು ಹೌಸ್‌ನಲ್ಲಿ 71ಕ್ಕೆ ಇಳಿದರು. ಹೊಸ ಸದನ ಸೇರುವ ಮೊದಲೇ, ಡಿಸೆಂಬರ್‌ನಲ್ಲಿ, ಹಳೆಯ 72ರ ಬಲದಿಂದ ಕೂಪರ್ ವೀಟೊ ಮುರಿದು, ಚುನಾವಣಾ ಮಂಡಳಿಗೆ ಸದಸ್ಯರನ್ನು ನೇಮಿಸುವ ಅಧಿಕಾರವನ್ನು ಗವರ್ನರಿಂದ ಕಿತ್ತು ರಾಜ್ಯದ ಆಡಿಟರ್‌ಗೆ ಕೊಟ್ಟರು. ಮಸೂದೆಯ ಹೆಸರಿನಲ್ಲಿ ಇದ್ದದ್ದು ಹೆಲೀನ್ ಚಂಡಮಾರುತದ ಪರಿಹಾರ! ಆದ್ದರಿಂದ ಮಸೂದೆಯ ತಲೆಬರಹ ಓದಿ ಬಿಡಬೇಡಿ. ಶಾಸನಸಭೆಯ ವೆಬ್‌ಸೈಟಿನಲ್ಲಿ ಮಸೂದೆ ಸಂಖ್ಯೆ ಹಾಕಿದರೆ ಪೂರ್ಣ ಪಠ್ಯ, ಇತಿಹಾಸ, ಯಾರು ಹೇಗೆ ಮತ ಹಾಕಿದರು ಎಲ್ಲ ಸಿಗುತ್ತದೆ.

ಆಡಿಟರ್ ಕೂಡ ಜನರಿಂದಲೇ ಆಯ್ಕೆಯಾದವರು. ಅಟಾರ್ನಿ ಜನರಲ್, ಇನ್ಶೂರೆನ್ಸ್ ಕಮಿಷನರ್ ಸೇರಿ ಹೀಗೆ ಹತ್ತು ಮಂದಿ. ಅವರಲ್ಲಿ ಗವರ್ನರ್ ಒಬ್ಬರು. ಲೆಫ್ಟಿನೆಂಟ್ ಗವರ್ನರ್ ಎದುರು ಪಕ್ಷದವರಾಗಿರಬಹುದು, ಗವರ್ನರ್ ರಾಜ್ಯದ ಹೊರಗೆ ಹೋದಾಗ ಅವರೇ ಹಂಗಾಮಿ. ಕಾರ್ ಇನ್ಶೂರೆನ್ಸ್ ಕಂಪನಿಯ ಮೇಲೆ ದೂರಿದ್ದರೆ ಇನ್ಶೂರೆನ್ಸ್ ಕಮಿಷನರ್ ಕಚೇರಿಗೆ ಬರೆಯಿರಿ. ವೀಸಾ, ಗ್ರೀನ್ ಕಾರ್ಡ್ ತೊಡಕಿಗೆ ಗವರ್ನರ್ ಕಚೇರಿಯಿಂದ ಏನೂ ಆಗದು. ಅದು ಕೇಂದ್ರದ ವಿಷಯ, ನಿಮ್ಮ ಕ್ಷೇತ್ರದ ಕಾಂಗ್ರೆಸ್ (ಇಲ್ಲಿನ ಸಂಸತ್ತು) ಸದಸ್ಯರ ಕಚೇರಿಗೆ ಹೋಗಿ.

ಪ್ರತಿನಿಧಿಗೆ ಪತ್ರ ಬರೆಯಲು ಪೌರತ್ವ ಬೇಕಿಲ್ಲ. ಮೊದಲ ಸಾಲಿನಲ್ಲೇ ಮಸೂದೆ ಸಂಖ್ಯೆ, ಬೇಕೋ ಬೇಡವೋ ಎಂಬ ಒಂದು ಮಾತು, ಕೆಳಗೆ ನಿಮ್ಮ ಮನೆ ವಿಳಾಸ ಇರಲಿ. ವಿಳಾಸವಿಲ್ಲದಿದ್ದರೆ ನೀವು ಅವರ ಕ್ಷೇತ್ರದವರು ಎಂದು ತಿಳಿಯುವುದು ಹೇಗೆ?

ಕೊನೆಯದನ್ನು ದಯವಿಟ್ಟು ಎರಡು ಸಲ ಓದಿ. ಡ್ರೈವಿಂಗ್ ಲೈಸೆನ್ಸಿಗೆ ಹೋದಾಗ ಕೌಂಟರಿನಲ್ಲಿ ‘ಮತದಾರರಾಗಿ ಹೆಸರು ನೋಂದಾಯಿಸಬೇಕೆ’ ಎಂದು ಕೇಳಬಹುದು. ಎಚ್-1ಬಿ, ಎಚ್-4, ಎಫ್-1, ಗ್ರೀನ್ ಕಾರ್ಡ್, ಯಾವುದೇ ಇದ್ದರೂ ಉತ್ತರ ‘ಬೇಡ’. ಗಡಿಬಿಡಿಯಲ್ಲಿ ‘ಹೂಂ’ ಎಂದು ಸಹಿ ಹಾಕಿದರೆ ಪೌರನೆಂದು ಸುಳ್ಳು ಹೇಳಿದಂತೆ. ವರ್ಷಗಳ ನಂತರ ಪೌರತ್ವದ ಎನ್-400 ಅರ್ಜಿಯಲ್ಲಿ ಅದೇ ಪ್ರಶ್ನೆ ಎದುರಾಗುತ್ತದೆ, ಗಡೀಪಾರಿನವರೆಗೂ ಹೋಗಬಹುದು. ಗ್ರೀನ್ ಕಾರ್ಡ್ ಇಲ್ಲದವರು ಯಾವ ಚುನಾವಣೆಗೂ ದೇಣಿಗೆ ಕೊಡುವಂತಿಲ್ಲ. ಅಭ್ಯರ್ಥಿಯ ನಿಧಿಸಂಗ್ರಹದ ಊಟದ ಟಿಕೆಟ್ ಕೂಡ ದೇಣಿಗೆಯೇ. ಪರಿಚಯದವರು ಒತ್ತಾಯ ಮಾಡಿದರೂ ನಿಮ್ಮ ಕಾರ್ಡು ತೆಗೆಯಬೇಡಿ.