ವಿಮಾನದ ಆಯಿಲ್ ಚೇಂಜ್: ಸುರಿಯುವುದಕ್ಕಿಂತ ನೋಡುವುದೇ ಜಾಸ್ತಿ

ಸ್ವಂತ ಪುಟ್ಟ ವಿಮಾನ ಇದ್ದವರು ತಾವೇ ಮಾಡಿಕೊಳ್ಳಬಹುದಾದ ರಿಪೇರಿ ಕೆಲಸಗಳು ಕಡಿಮೆ. ಎಂಜಿನ್ ಆಯಿಲ್ ಬದಲಿಸುವುದು ಅಂಥವುಗಳಲ್ಲಿ ಒಂದು. ಅಮೆರಿಕದಲ್ಲಿ ಪೈಲಟ್ ಲೈಸೆನ್ಸ್ ಇರುವ ಮಾಲೀಕರು ತಮ್ಮ ಖಾಸಗಿ ವಿಮಾನದ ಆಯಿಲ್ ತಾವೇ ಬದಲಿಸಿ ಲಾಗ್‌ಬುಕ್‌ಗೆ ಸಹಿ ಹಾಕಬಹುದು. ಎಲ್ಲ ದೇಶಗಳ ನಿಯಮವೂ ಒಂದೇ ಅಲ್ಲ, ಆದ್ದರಿಂದ ಮೊದಲು ನಿಮಗೆ ಅನ್ವಯಿಸುವುದು ಯಾವುದು ಅಂತ ಕೇಳಿಕೊಳ್ಳಿ. ಮೊದಲ ಸಲ ಮಾಡುವಾಗ ಒಬ್ಬ ಲೈಸೆನ್ಸ್ ಇರುವ ಮೆಕ್ಯಾನಿಕ್ ಪಕ್ಕದಲ್ಲಿದ್ದರೆ ಒಳ್ಳೆಯದು.

ಇಲ್ಲಿ ಹೇಳುತ್ತಿರುವುದು ಲೈಕಮಿಂಗ್, ಕಾಂಟಿನೆಂಟಲ್ ಥರದ, ಗಾಳಿಯಿಂದ ತಣಿಯುವ ಪಿಸ್ಟನ್ ಎಂಜಿನ್‌ಗಳ ಬಗ್ಗೆ. ರೋಟ್ಯಾಕ್ಸ್ 912 ಇದ್ದರೆ ಅದರ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ, ಕ್ರಮವೂ ಬೇರೆ.

ಎಷ್ಟು ದಿನಕ್ಕೊಮ್ಮೆ? ಫಿಲ್ಟರ್ ಇರುವ ಎಂಜಿನ್‌ಗೆ 50 ಗಂಟೆ ಅಥವಾ 4 ತಿಂಗಳು, ಯಾವುದು ಮೊದಲೋ ಅದು ಅನ್ನುತ್ತದೆ ಲೈಕಮಿಂಗ್. ಫಿಲ್ಟರ್ ಬದಲು ಬರೀ ಲೋಹದ ಜಾಲರಿ ಇದ್ದರೆ 25 ಗಂಟೆ. ‘ನನ್ನ ವಿಮಾನ ಹಾರಿದ್ದೇ ಹತ್ತು ಗಂಟೆ, ಆಯಿಲ್ ಇನ್ನೂ ಹೊಸದಲ್ವಾ?’ ಅಂತ ಕೇಳುವವರಿದ್ದಾರೆ. ಅಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಆವಿ ಮತ್ತು ಆಮ್ಲ ಪಿಸ್ಟನ್ ಪಕ್ಕದಿಂದ ನುಸುಳಿ ಆಯಿಲ್‌ಗೆ ಸೇರುತ್ತವೆ. ಇಂಥ ವಿಮಾನಗಳಿಗೆ ಹಾಕುವ 100ಎಲ್‌ಎಲ್ ಪೆಟ್ರೋಲ್‌ನ ಸೀಸವೂ ಅಲ್ಲಿಗೇ ಬರುತ್ತದೆ. ಆಗಾಗ ಹಾರುವ ಎಂಜಿನ್‌ನಲ್ಲಿ ನೀರು ಕಾದು ಹೊರಹೋಗುತ್ತದೆ. ನಿಂತೇ ಇರುವ ಎಂಜಿನ್‌ನಲ್ಲಿ ಅದು ಎಂಜಿನ್ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿಗೆ ತುಕ್ಕು ಹಿಡಿಸುತ್ತದೆ.

ಕಾರಿನ ಆಯಿಲ್ ಹಾಕುವ ಯೋಚನೆಯೇ ಬೇಡ. ಅದರಲ್ಲಿರುವ ಲೋಹದ ಅಂಶದ ಡಿಟರ್ಜೆಂಟ್ ಉರಿದಾಗ ಬೂದಿ ಉಳಿಯುತ್ತದೆ. ಆ ಬೂದಿ ಸಿಲಿಂಡರಿನೊಳಗೆ ಕೆಂಡದಂತೆ ಕಾದು, ಸ್ಪಾರ್ಕ್ ಬರುವ ಮೊದಲೇ ಇಂಧನಕ್ಕೆ ಬೆಂಕಿ ಹಚ್ಚಬಹುದು. ವಿಮಾನಕ್ಕೆಂದೇ ತಯಾರಾದ, ಬೂದಿ ಉಳಿಸದ ಆಯಿಲ್ ಬೇಕು. ಡಬ್ಬದ ಮೇಲೆ ಡಬ್ಲ್ಯು100 ಅಂತಿದ್ದರೆ ಅದು ಕಾರಿನವರ ಲೆಕ್ಕದಲ್ಲಿ ಎಸ್‌ಎಇ 50. ಹೊಸದಾಗಿ ಓವರ್‌ಹಾಲ್ ಆದ, ಅಂದರೆ ಪೂರ್ತಿ ಬಿಚ್ಚಿ ರಿಪೇರಿ ಮಾಡಿದ ಎಂಜಿನ್‌ಗೆ ಸಾಮಾನ್ಯವಾಗಿ ಮೊದಲು ಮಿನರಲ್ ಆಯಿಲ್ ಹಾಕುತ್ತಾರೆ. ಆದರೆ ಕೆಲವು ಟರ್ಬೊ ಮಾದರಿಗಳಿಗೆ ಅದು ಸಲ್ಲದು, ಮ್ಯಾನುಯಲ್ ನೋಡಿ.

ಈಗ ಕೆಲಸಕ್ಕೆ ಇಳಿಯೋಣ. ಒಂದು ಸುತ್ತು ಹಾರಿಸಿ ಬಂದು ಆಯಿಲ್ ಬಿಸಿಯಿರುವಾಗಲೇ ಇಳಿಸಿ. ಕೊಳೆ ತಳಕ್ಕೆ ಕೂರದೆ ಆಯಿಲ್ ಜೊತೆಗೇ ಹೊರಬರುತ್ತದೆ. ಸೈಲೆನ್ಸರ್ ಪೈಪ್ ಮುಟ್ಟಿದರೆ ಕೈ ಸುಡುತ್ತದೆ, ಸ್ವಲ್ಪ ಕಾಯಿರಿ. ಚಕ್ರಗಳಿಗೆ ಅಡ್ಡ ಕೊಡಿ. ಸ್ಪಾರ್ಕ್‌ಗೆ ಕರೆಂಟ್ ಕೊಡುವ ಮ್ಯಾಗ್ನೆಟೊ ಆಫ್ ಮಾಡಿ ಕೀ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಆದರೂ ಪ್ರೊಪೆಲ್ಲರ್ ಅನ್ನು ನಂಬಬೇಡಿ. ಮ್ಯಾಗ್ನೆಟೊದ ಅರ್ಥ್ ವೈರ್ ತುಂಡಾಗಿದ್ದರೆ, ಸ್ವಿಚ್ ಆಫ್ ಇದ್ದರೂ ಕೈಯಿಂದ ತಿರುಗಿಸಿದ ಎಂಜಿನ್ ಒಮ್ಮೆ ಸಿಡಿದು ತಿರುಗಬಹುದು. ‘ಆಯಿಲ್ ಇಲ್ಲ’ ಅಂತ ಒಂದು ಚೀಟಿ ಬರೆದು ಪ್ರೊಪೆಲ್ಲರಿಗೆ ಕಟ್ಟಿ.

ಕೌಲಿಂಗ್, ಅಂದರೆ ಎಂಜಿನ್ ಮೇಲಿನ ಮುಚ್ಚಳ ಬಿಚ್ಚಿದ ಕೂಡಲೇ ಸ್ಪ್ಯಾನರ್ ಹಿಡಿಯಬೇಡಿ. ಟಾರ್ಚ್ ಹಿಡಿದು ಸುತ್ತ ನೋಡಿ. ಸೈಲೆನ್ಸರ್ ಜೋಡಣೆಯ ಹತ್ತಿರ ಬೂದು-ಬಿಳಿ ಪುಡಿ ಕಂಡರೆ ಅಲ್ಲಿ ಹೊಗೆ ಸೋರುತ್ತಿದೆ. ನೀಲಿ ಕಲೆ ಇದ್ದರೆ ಪೆಟ್ರೋಲ್ ಸೋರಿದೆ, 100ಎಲ್‌ಎಲ್‌ನ ಬಣ್ಣವೇ ನೀಲಿ. ಯಾವುದಾದರೂ ಹೋಸ್ ಇನ್ನೊಂದಕ್ಕೆ ಉಜ್ಜುತ್ತಿದೆಯಾ, ಇಲಿ ಗೂಡು ಕಟ್ಟಿದೆಯಾ, ಅದನ್ನೂ ನೋಡಿ. ಆಯಿಲ್ ಬದಲಿಸುವ ನೆಪದಲ್ಲಿ ಎಂಜಿನ್‌ನ ಇಷ್ಟು ಹತ್ತಿರ ಹೋಗುತ್ತೀರಲ್ಲ, ನನ್ನ ಪ್ರಕಾರ ದೊಡ್ಡ ಲಾಭ ಅದೇ.

ಡ್ರೈನ್ ವಾಲ್ವ್‌ಗೆ ಪೈಪ್ ಸಿಕ್ಕಿಸಿ ಆಯಿಲ್ ಬಕೆಟ್‌ಗೆ ಇಳಿಸಿ. ಲ್ಯಾಬಿಗೆ ಕಳಿಸುವುದಿದ್ದರೆ ಸ್ವಲ್ಪ ಹರಿದ ಮೇಲೆ, ಮಧ್ಯದ ಧಾರೆಯಲ್ಲಿ ಸ್ಯಾಂಪಲ್ ಹಿಡಿಯಿರಿ. ಅದು ಎಂಜಿನ್‌ನ ರಕ್ತಪರೀಕ್ಷೆ ಇದ್ದ ಹಾಗೆ. ಒಂದು ವರದಿ ಹೆಚ್ಚೇನೂ ಹೇಳುವುದಿಲ್ಲ. ಕಬ್ಬಿಣ, ತಾಮ್ರದ ಅಂಶ ಸಲದಿಂದ ಸಲಕ್ಕೆ ಏರುತ್ತಿದೆಯಾ ಅನ್ನುವುದು ಮುಖ್ಯ.

ಫಿಲ್ಟರ್ ತಾನಾಗಿ ಸಡಿಲವಾಗದಂತೆ ಕಟ್ಟಿದ ಸೇಫ್ಟಿ ವೈರ್ ಕತ್ತರಿಸಿ, ಕೆಳಗೊಂದು ಬಟ್ಟೆ ಇಟ್ಟು, ಫಿಲ್ಟರ್ ಬಿಚ್ಚಿ. ಹಳೆಯ ರಬ್ಬರ್ ಗ್ಯಾಸ್ಕೆಟ್ ಫಿಲ್ಟರಿನ ಜೊತೆಗೇ ಬಂತಾ? ಬೆರಳಾಡಿಸಿ ನೋಡಿ. ಅದು ಎಂಜಿನ್ ಕಡೆಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸ ಫಿಲ್ಟರ್ ಕೂತರೆ, ಎರಡು ಗ್ಯಾಸ್ಕೆಟ್ ನಡುವಿನಿಂದ ಆಯಿಲ್ ಚಿಮ್ಮುತ್ತದೆ. ಕಾರಾದರೆ ರಸ್ತೆ ಪಕ್ಕಕ್ಕೆ ನಿಲ್ಲಿಸಬಹುದು. ಇಲ್ಲಿ ಆ ಅವಕಾಶ ಇಲ್ಲ.

ಹಳೆಯ ಫಿಲ್ಟರ್ ಎಸೆಯಬೇಡಿ, ಅದನ್ನು ಕತ್ತರಿಸಿ ನೋಡಬೇಕು. ಗರಗಸ ಬೇಡ, ಅದರ ಪುಡಿಯೇ ಒಳಗೆ ಬಿದ್ದು ಗೊಂದಲ ಮಾಡುತ್ತದೆ. ಫಿಲ್ಟರ್ ಕಟರ್ ಅಂತಲೇ ಸಿಗುತ್ತದೆ. ಒಳಗಿನ ಮಡಿಕೆ ಕಾಗದವನ್ನು ಬಿಚ್ಚಿ, ಹಿಂಡಿ, ಬಿಸಿಲಿಗೆ ಹಿಡಿದು ನೋಡಿ. ಕಪ್ಪು ಚೂರು ಉಗುರಿನಲ್ಲಿ ಒತ್ತಿದರೆ ಪುಡಿಯಾಯಿತೇ? ಇಂಗಾಲ, ಚಿಂತೆ ಬೇಡ. ಮ್ಯಾಗ್ನೆಟ್‌ಗೆ ಅಂಟಿದರೆ ಉಕ್ಕು: ಕ್ಯಾಮ್, ಟ್ಯಾಪೆಟ್ ಅಥವಾ ರಿಂಗ್‌ನಿಂದ ಬಂದಿರಬಹುದು. ಅಂಟದೆ ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ, ಪಿಸ್ಟನ್ ಪಿನ್ನಿನ ತುದಿಯ ಪ್ಲಗ್ ಸವೆದಿರಬಹುದು. ಒಂದೆರಡು ಸಣ್ಣ ಮಿನುಗು ಕಂಡರೆ ಬರೆದಿಟ್ಟು ಮುಂದಿನ ಸಲ ಹೋಲಿಸಿ. ಚಮಚದಲ್ಲಿ ತೆಗೆಯುವಷ್ಟು ಲೋಹ ಇದ್ದರೆ ವಿಮಾನ ಹಾರಿಸಬೇಡಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ. ಲೈಕಮಿಂಗ್‌ನಲ್ಲಿ ಸಂಪ್, ಅಂದರೆ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯ ಒಳಗೂ ಒಂದು ಜಾಲರಿ ಇರುತ್ತದೆ. ಅದನ್ನೂ ತೆಗೆದು ತೊಳೆದು, ಹೊಸ ವಾಷರ್ ಜೊತೆ ಹಾಕಿ.

ಹೊಸ ಫಿಲ್ಟರಿನ ಗ್ಯಾಸ್ಕೆಟ್‌ಗೆ ತಯಾರಕರು ಹೇಳಿದ ಸಿಲಿಕೋನ್ ಪೇಸ್ಟ್ ತೆಳ್ಳಗೆ ಸವರಿ. ಕೈ ಅಂದಾಜು ಸಾಲದು, ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್ ಬೇಕು. ಸಾಮಾನ್ಯವಾಗಿ 16ರಿಂದ 18 ಫುಟ್-ಪೌಂಡ್, ಫಿಲ್ಟರಿನ ಮೇಲೇ ಬರೆದಿರುತ್ತದೆ. ನಂತರ ಸೇಫ್ಟಿ ವೈರ್. ವೈರ್ ಎಳೆದರೆ ಫಿಲ್ಟರ್ ಬಿಗಿಯಾಗುವ ಕಡೆಗೇ ತಿರುಗಬೇಕು. ಉಲ್ಟಾ ಕಟ್ಟಿದರೆ ಕಟ್ಟಿಯೂ ಪ್ರಯೋಜನವಿಲ್ಲ. ಹೊಸಬರ ತಲೆ ಕೆಡಿಸುವ ಕೆಲಸ ಇದೇ. ಮೊದಲು ಸುಮ್ನೆ ಎರಡು ಬೋಲ್ಟ್ ಇಟ್ಟುಕೊಂಡು ಅಭ್ಯಾಸ ಮಾಡಿ.

ಡ್ರೈನ್ ವಾಲ್ವ್ ಪೂರ್ತಿ ಮುಚ್ಚಿದೆಯಾ ನೋಡಿ, ಆಮೇಲೆ ಆಯಿಲ್ ಸುರಿಯಿರಿ. ಲೈಕಮಿಂಗ್ ಒ-320, ಒ-360ರ ಸಂಪ್ 8 ಕ್ವಾರ್ಟ್ ಹಿಡಿಯುತ್ತದೆ, ಅಂದರೆ ಏಳೂವರೆ ಲೀಟರ್. ಆದರೆ ಎಷ್ಟೋ ಎಂಜಿನ್‌ಗಳು ಎಂಟನೆಯ ಕ್ವಾರ್ಟನ್ನು, ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನಿಂದ ವಿಮಾನದ ಹೊಟ್ಟೆಯಡಿಗೆ ಉಗುಳಿಬಿಡುತ್ತವೆ. ಹಾಗಾಗಿ ಬಹಳ ಜನ ಏಳಕ್ಕೇ ನಿಲ್ಲಿಸುತ್ತಾರೆ.

ಚೀಟಿ ತೆಗೆದು, ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು ಸ್ಟಾರ್ಟ್ ಮಾಡಿ. ಕಣ್ಣು ಆಯಿಲ್ ಪ್ರೆಶರ್ ಮೀಟರ್ ಮೇಲಿರಲಿ. 30 ಸೆಕೆಂಡಿನಲ್ಲಿ ಮುಳ್ಳು ಏಳದಿದ್ದರೆ ತಕ್ಷಣ ಆಫ್ ಮಾಡಿ. ಕೌಲಿಂಗ್ ಇಲ್ಲದೆ ಹೆಚ್ಚು ಹೊತ್ತು ಓಡಿಸಬೇಡಿ, ತಣಿಸುವ ಗಾಳಿ ಸರಿಯಾಗಿ ಹಾಯುವುದಿಲ್ಲ. ಆಫ್ ಮಾಡಿ ಫಿಲ್ಟರ್ ಬುಡ, ವಾಲ್ವ್, ಜಾಲರಿಯ ಪ್ಲಗ್ ಒರೆಸಿ ನೋಡಿ. ಹೊಸ ಫಿಲ್ಟರ್ ಸ್ವಲ್ಪ ಆಯಿಲ್ ಕುಡಿದಿರುತ್ತದೆ, ಡಿಪ್‌ಸ್ಟಿಕ್ ನೋಡಿ ಅಷ್ಟನ್ನು ಸೇರಿಸಿ.

ಹಳೆಯ ಆಯಿಲ್‌ನಲ್ಲಿ ಸೀಸ ಇರುವುದರಿಂದ ಗ್ಲೌಸ್ ಬಿಡಬೇಡಿ, ಚರಂಡಿಗೂ ಸುರಿಯಬೇಡಿ. ಲಾಗ್‌ಬುಕ್‌ನಲ್ಲಿ ತಾರೀಖು, ಎಂಜಿನ್ ಗಂಟೆ, ಹಾಕಿದ ಆಯಿಲ್, ಫಿಲ್ಟರಿನಲ್ಲಿ ಕಂಡದ್ದು, ನಿಮ್ಮ ಲೈಸೆನ್ಸ್ ನಂಬರ್ ಬರೆದು ಸಹಿ ಮಾಡಿ. ಮೊದಲ ಹಾರಾಟ ವಿಮಾನ ನಿಲ್ದಾಣದ ಮೇಲೇ ಒಂದೆರಡು ಸುತ್ತು ಸಾಕು. ಇಳಿದ ಮೇಲೆ ಇನ್ನೊಮ್ಮೆ ಫಿಲ್ಟರ್ ಬುಡ ನೋಡಿ.