ಬ್ರಿಟನ್‌ನಲ್ಲಿ ಕಡಿಮೆ ದುಡ್ಡಿಗೆ ಹಳೇ ಎಸ್ಟೇಟ್ ಕಾರು

ಎಸ್ಟೇಟ್ ಅಂದರೆ ಚಾವಣಿ ಡಿಕ್ಕಿಯ ಮೇಲೂ ಚಾಚಿಕೊಂಡ ಉದ್ದನೆ ಕಾರು. ದೊಡ್ಡ ಡಿಕ್ಕಿ, ಮೆತ್ತನೆ ಸೀಟು ಬೇಕೆಂದರೆ ಸ್ಕೋಡಾ ಆಕ್ಟೇವಿಯಾ, ಫೋರ್ಡ್ ಮೊಂಡಿಯೋ, ವೋಲ್ವೋ ವಿ70 ನೋಡಿ. ಚಕ್ರ 16 ಇಂಚಿನದೇ ಇರಲಿ. 18 ಇಂಚಿನದಕ್ಕೆ ಟೈರಿನ ಪಕ್ಕ ತೆಳು, ಪ್ರತಿ ಗುಂಡಿಯೂ ಸೊಂಟಕ್ಕೆ ತಾಗುತ್ತದೆ.

ಕಾರು ನೋಡಲು ಹೊರಡುವ ಮುನ್ನ ಅದರ ನಂಬರ್ ಹಾಕಿ ಸರ್ಕಾರಿ ತಾಣದಲ್ಲಿ ಎಂಒಟಿ (ವರ್ಷಕ್ಕೊಮ್ಮೆಯ ಕಡ್ಡಾಯ ಫಿಟ್ನೆಸ್ ತಪಾಸಣೆ) ಇತಿಹಾಸ ಓದಿ, ಪುಕ್ಕಟೆ. ಫೇಲ್ ಆಗಿದ್ದಕ್ಕಿಂತ ಅಡ್ವೈಸರಿ (ಮುಂದೆ ಕೆಡಬಹುದೆಂಬ ಎಚ್ಚರಿಕೆ) ಸಾಲುಗಳೇ ಹೆಚ್ಚು ಹೇಳುತ್ತವೆ: ತುಕ್ಕಿನ ಮಾತು ವರ್ಷವರ್ಷವೂ ಬಂದಿದ್ದರೆ ಆ ಕಾರು ಬಿಡಿ.

ಊರೊಳಗಷ್ಟೇ ಓಡಿಸುವವರಿಗೆ ಡೀಸೆಲ್ ಬೇಡವೇ ಬೇಡ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಕೂತ ಮಸಿ ಸುಟ್ಟುಹೋಗಲು ದೂರದ ಓಟ ಬೇಕು, ಇಲ್ಲವಾದರೆ ಕಟ್ಟಿಕೊಳ್ಳುತ್ತದೆ. ಲಂಡನ್ನಿನಲ್ಲಿ ಯೂರೋ 6 (ಹೊಗೆ ಮಿತಿಯ ಮಾನದಂಡ) ಅಲ್ಲದ ಡೀಸೆಲ್‌ಗೆ ದಿನಕ್ಕೆ 12.50 ಪೌಂಡ್ ಮಾಲಿನ್ಯ ಶುಲ್ಕ ಬೇರೆ. ಪೆಟ್ರೋಲಿಗೆ ಯೂರೋ 4 ಸಾಕು.

ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಬರುವ ಹೊತ್ತಿಗೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿರಬಹುದು. ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ಜಾಗದಲ್ಲಿ ಕೈಯಾಡಿಸಿ. ನೀರಿದ್ದರೆ ಹಿಂದಿನ ದೀಪದ ಅಥವಾ ಬಾಗಿಲಿನ ರಬ್ಬರ್ ಸೋರುತ್ತಿರುತ್ತದೆ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ನಾದರೆ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲವೇ? ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ. ಬೆಲ್ಟ್ ತುಂಡಾದರೆ ವಾಲ್ವ್‌ಗಳು ಬಾಗಿ ಇಂಜಿನ್ನೇ ಹೋದೀತು.

ವಿ5ಸಿ (ಕಾರಿನ ನೋಂದಣಿ ಪತ್ರ) ಇಲ್ಲದೆ ದುಡ್ಡು ಕೊಡಬೇಡಿ. ಅದು ಮಾಲೀಕತ್ವದ ಪುರಾವೆಯಲ್ಲ, ಹಾಗಾಗಿ ಕಾರಿನ ಮೇಲೆ ಸಾಲ ಬಾಕಿ ಇದೆಯೇ ಎಂಬ ತಪಾಸಣೆಯೂ ಆಗಲಿ. ಹಳಬರ ರೋಡ್ ಟ್ಯಾಕ್ಸ್ ನಿಮಗೆ ವರ್ಗವಾಗುವುದಿಲ್ಲ. ಟ್ಯಾಕ್ಸ್, ಇನ್ಶೂರೆನ್ಸ್ ಎರಡನ್ನೂ ಮಾಡಿಸಿಯೇ ರಸ್ತೆಗಿಳಿಸಿ.