ಫೆರಿಟಿನ್ ಜೊತೆಗೆ ಸಿಆರ್‌ಪಿಯನ್ನೂ ನೋಡಿಸಿ

ಕಬ್ಬಿಣಾಂಶದ ಕೊರತೆಯ ಅನುಮಾನದಿಂದ ಫೆರಿಟಿನ್ ಪರೀಕ್ಷೆ ಮಾಡಿಸುವವರು, ಅದೇ ರಕ್ತದ ಮಾದರಿಯಲ್ಲಿ ಸಿಆರ್‌ಪಿಯನ್ನೂ (ದೇಹದಲ್ಲಿ ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್) ನೋಡಬಹುದೇ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು. ಫೆರಿಟಿನ್ ದೇಹದಲ್ಲಿರುವ ಕಬ್ಬಿಣದ ದಾಸ್ತಾನನ್ನು ಸೂಚಿಸುವ ಪ್ರೋಟೀನ್ ಹೌದಾದರೂ, ಸೋಂಕು ಅಥವಾ ಸಂಧಿವಾತದಂಥ ಉರಿಯೂತವಿದ್ದಾಗ ದಾಸ್ತಾನಿಗೆ ಸಂಬಂಧವಿಲ್ಲದೆಯೂ ಏರುತ್ತದೆ. ಹೀಗಾಗಿ ವರದಿಯಲ್ಲಿ ‘ನಾರ್ಮಲ್’ ಎಂದು ಕಾಣುವ ಅಂಕಿಯ ಹಿಂದೆ ಕೊರತೆ ಅಡಗಿರಬಹುದು, ಸಿಆರ್‌ಪಿ ಹೆಚ್ಚಿದ್ದರೆ ಆ ಅನುಮಾನಕ್ಕೆ ಆಧಾರ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ವಯಸ್ಕರ ಕೊರತೆಯ ಗಡಿಯನ್ನು ಆರೋಗ್ಯವಂತರಿಗೆ ಲೀಟರಿಗೆ 15 ಮೈಕ್ರೋಗ್ರಾಂ ಎಂದೂ, ಸೋಂಕು ಅಥವಾ ಉರಿಯೂತ ಇರುವವರಿಗೆ 70 ಎಂದೂ ಬೇರೆಬೇರೆಯಾಗಿ ಇಟ್ಟಿರುವುದು ಇದೇ ಕಾರಣಕ್ಕೆ. (ಲ್ಯಾಬಿನವರು ಮಿಲಿಲೀಟರಿಗೆ ನ್ಯಾನೋಗ್ರಾಂ ಎಂದು ಬರೆದಿದ್ದರೆ ಗಾಬರಿ ಬೇಡ, ಅಂಕಿ ಒಂದೇ.) ಫೆರಿಟಿನ್ ತೀರಾ ಕಡಿಮೆ ಬಂದರೆ ಕೊರತೆ ಬಹುತೇಕ ಖಚಿತ, ಅಲ್ಲಿ ಸಿಆರ್‌ಪಿಯ ಖರ್ಚು ಅನಗತ್ಯವೆಂದೇ ನನ್ನ ಅಭಿಪ್ರಾಯ. ಯಕೃತ್ತಿನ ತೊಂದರೆ ಅಥವಾ ಮದ್ಯಪಾನದಿಂದ ಫೆರಿಟಿನ್ ಏರಿದ್ದಾಗ ಸಿಆರ್‌ಪಿ ಸಹಜವಾಗಿಯೇ ಇರಬಹುದಾದ್ದರಿಂದ ಈ ಉಪಾಯ ಕೈಕೊಡುತ್ತದೆ, ಆಗ ವೈದ್ಯರು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣವನ್ನು ಸಾಗಿಸುವ ಪ್ರೋಟೀನಿನ ಎಷ್ಟು ಪಾಲು ಕಬ್ಬಿಣದಿಂದ ತುಂಬಿದೆ ಎಂಬ ಅಳತೆ) ನೋಡುವುದುಂಟು. ಕೊರತೆಗೆ ಕಾರಣ ಮುಟ್ಟಿನ ಅತಿಸ್ರಾವವೋ, ಕರುಳಿನೊಳಗಿನ ರಕ್ತಸ್ರಾವವೋ ಎಂಬುದನ್ನಂತೂ ಈ ಯಾವ ಅಂಕಿಯೂ ತಿಳಿಸುವುದಿಲ್ಲ.